ಫೋಟೊದೊಳಗಿನ ವಿಳಾಸ

ಜಪಾನಿನಲ್ಲಿ ಕೆಲಸಕ್ಕಿರುವ ಮಗಳು ದಾವಣಗೆರೆಯ ಮನೆಗೆ ಒಂದು ಫೋಟೊ ಕಳಿಸಿದ್ದಾಳೆ ಎಂದುಕೊಳ್ಳಿ. ಕಿರಿದಾದ ಬೀದಿ, ತಲೆಯ ಮೇಲೆ ತಂತಿಗಳ ಜಾಲ, ಹಳದಿ ನಂಬರ್ ಪ್ಲೇಟಿನ ಪುಟ್ಟ ಕಾರು, ಒಂದು ಬಾಲ್ಕನಿಯಲ್ಲಿ ಟಿವಿಯ ಡಿಶ್. ಊರಿನ ಹೆಸರು ಎಲ್ಲೂ ಇಲ್ಲ. ಕ್ಯಾಮೆರಾ ಗುಟ್ಟಾಗಿ ಬರೆದಿಟ್ಟ ಲೊಕೇಶನ್ ಮಾಹಿತಿಯನ್ನು ವಾಟ್ಸ್‌ಆ್ಯಪ್ ದಾರಿಯಲ್ಲೇ ಅಳಿಸಿದೆ. ಆದರೂ ಆ ಬೀದಿ ಯಾವುದೆಂದು ಹುಡುಕಿ ತೆಗೆಯಬಹುದು.

ಕಾರಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಹಳದಿ ಪ್ಲೇಟ್ ಎಂದರೆ ಬಾಡಿಗೆ ವಾಹನ. ಜಪಾನಿನಲ್ಲಿ ಅದು 660 ಸಿಸಿ ಮೀರದ ಎಂಜಿನ್ನಿನ ಸ್ವಂತ ಕಾರಿನ ಗುರುತು. ಪ್ಲೇಟಿನ ಮೇಲುಸಾಲಿನಲ್ಲಿ ನೋಂದಣಿ ಪ್ರದೇಶದ ಹೆಸರಿರುತ್ತದೆ. ಅಲ್ಲಿ ‘ನರಾಶಿನೊ’ ಎಂದಿದ್ದರೆ ಚೀಬಾ ಪ್ರಾಂತ್ಯದ ಪಶ್ಚಿಮ ಭಾಗದ ಕಾರು. ಅಂಗಡಿಯ ಫಲಕದ ಫೋನ್ ನಂಬರು 047ರಿಂದ ಆರಂಭವಾದರೆ ಅನುಮಾನ ಗಟ್ಟಿಯಾಗುತ್ತದೆ, ಏಕೆಂದರೆ ಗಡಿಯ ನದಿಯಾಚೆಯ ಟೋಕಿಯೊ ನಂಬರುಗಳು 03ರವು. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯ್ ನದಿಯ ಆ ದಡದಲ್ಲಿದೆ. ಮೆಟ್ರೊದ ತೋಜಾಯ್ ಮಾರ್ಗದಲ್ಲಿ ಅಲ್ಲಿಂದ ಎರಡನೆಯ ನಿಲ್ದಾಣವೇ ಈ ದಡದ ಉರಯಾಸು; ಫೋಟೊ ಈ ಊರಿನದೇ ಇರಬಹುದು ಎಂದುಕೊಳ್ಳೋಣ. ಫೋಟೊದ ಅಂಚಿನಲ್ಲಿ ರೈಲು ಕಂಡರೆ ಅದರ ಪಟ್ಟಿಯ ಬಣ್ಣ ನೋಡಬೇಕು. ಆಕಾಶನೀಲಿಯಾದರೆ ಊರಿನ ಉತ್ತರದ ತೋಜಾಯ್ ಮಾರ್ಗ, ಕಡುಗೆಂಪಾದರೆ ಸಮುದ್ರದ ಕಡೆಯ ಕೇಯೊ ಮಾರ್ಗ.

ಇವೆಲ್ಲ ಮನುಷ್ಯರು ಬರೆದಿಟ್ಟ ಸುಳಿವುಗಳು. ಕಾರು ಬೇರೆ ಊರಿನಿಂದ ಬಂದಿರಬಹುದು, ಫಲಕ ಹಳೆಯದಿರಬಹುದು. ನನಗೆ ಇವುಗಳಿಗಿಂತ ಹೆಚ್ಚು ನಂಬಿಕೆ ಇರುವುದು ಜ್ಯಾಮಿತಿಯ ಮೇಲೆ.

ಬಾಲ್ಕನಿಯ ಡಿಶ್ ನೋಡಿ. ಜಪಾನಿನ ಬಿಎಸ್ ಪ್ರಸಾರದ ಉಪಗ್ರಹಗಳು ಸಮಭಾಜಕದ ಮೇಲೆ, 110 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಿವೆ. ಟೋಕಿಯೊ ಕೊಲ್ಲಿಯ ಸುತ್ತ ಆ ಡಿಶ್‌ಗಳೆಲ್ಲ ನೈಋತ್ಯಕ್ಕೇ ತಿರುಗಿ, 38 ಡಿಗ್ರಿ ಎತ್ತರದ ಆ ಬಿಂದುವಿಗೆ ಗುರಿಯಿಡಬೇಕು. ಬೆಂಗಳೂರಿನ ತಾರಸಿಯಲ್ಲಿ ನಮ್ಮ ಡಿಶ್‌ಗಳು ನೆತ್ತಿಯ ಕಡೆಗೆ ಎಷ್ಟೋ ಹೆಚ್ಚು ವಾಲಿರುತ್ತವೆ, ನಾವು ಸಮಭಾಜಕಕ್ಕೆ ಅಷ್ಟು ಹತ್ತಿರದವರು. ಹಾಗಾಗಿ ಉರಯಾಸುವಿನ ಫೋಟೊದಲ್ಲಿ ಒಂದು ಡಿಶ್ ಇದ್ದರೆ ದಿಕ್ಸೂಚಿ ಕೈಗೆ ಬಂದಂತೆಯೇ. ಬೀದಿ ಯಾವ ದಿಕ್ಕಿಗೆ ಹೋಗುತ್ತದೆ, ಯಾವ ಗೋಡೆ ಎತ್ತ ಮುಖ ಮಾಡಿದೆ ಎಂದು ಅದರಿಂದ ಲೆಕ್ಕ ಹಾಕಬಹುದು.

ದಿಕ್ಕು ಸಿಕ್ಕ ಮೇಲೆ ನೆರಳು ಮಾತಾಡುತ್ತದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಬೆಂಗಳೂರಿನಲ್ಲಿ ಸುಮಾರು 74 ಸೆಂ.ಮೀ., ಉರಯಾಸುವಿನಲ್ಲಿ ಸುಮಾರು 167 ಸೆಂ.ಮೀ. ಜೂನ್ 21ರಂದು ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಏಕೆಂದರೆ ಆಗ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿರುವ ಜಪಾನಿನ ಈ ಊರಿನಲ್ಲಿ ನಡುಹಗಲಿನ ನೆರಳು ಎಂದೂ ದಕ್ಷಿಣಕ್ಕೆ ಬೀಳದು. ಗಡಿಯಾರವೂ ಸುಳಿವು ಕೊಡುತ್ತದೆ. ಬೆಂಗಳೂರು ಭಾರತದ ಕಾಲಮಾನ ರೇಖೆಗಿಂತ 4.9 ಡಿಗ್ರಿ ಪಶ್ಚಿಮಕ್ಕಿದೆ; ಉರಯಾಸು ಜಪಾನಿನ ಕಾಲಮಾನ ರೇಖೆಗಿಂತ ಅಷ್ಟೇ ಪೂರ್ವಕ್ಕಿದೆ. ಹಾಗಾಗಿ ವರ್ಷದ ಸರಾಸರಿಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತು ನಮ್ಮಲ್ಲಿ 12 ಗಂಟೆ 20 ನಿಮಿಷ, ಅಲ್ಲಿ 11 ಗಂಟೆ 40 ನಿಮಿಷ. ಫೋಟೊದಲ್ಲಿ ಗಡಿಯಾರವೂ ನೆರಳೂ ಒಟ್ಟಿಗೆ ಸಿಕ್ಕರೆ ರೇಖಾಂಶವನ್ನೇ ಅಂದಾಜು ಮಾಡಬಹುದು.

ಈ ಊರಿನಲ್ಲಿ ಇದಕ್ಕಿಂತಲೂ ಸೊಗಸಾದ ಒಂದು ಸಾಕ್ಷಿ ಇದೆ. ಚಳಿಗಾಲದ ಶುಭ್ರ ಸಂಜೆಗಳಲ್ಲಿ ಕೊಲ್ಲಿಯಾಚೆ, ಸುಮಾರು 110 ಕಿ.ಮೀ. ದೂರದಲ್ಲಿ, 3,776 ಮೀಟರ್ ಎತ್ತರದ ಫ್ಯೂಜಿ ಪರ್ವತ ಕಾಣುತ್ತದೆ. ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಅಕ್ಟೋಬರ್‌ನ ಉತ್ತರಾರ್ಧದಲ್ಲಿ, ಸೂರ್ಯ ಸರಿಯಾಗಿ ಅದರ ತುದಿಯ ಮೇಲೆ ಇಳಿಯುತ್ತಾನೆ. ಜಪಾನಿಗರು ಇದನ್ನು ‘ಡೈಮಂಡ್ ಫ್ಯೂಜಿ’ ಎನ್ನುತ್ತಾರೆ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. 110 ಕಿ.ಮೀ. ದೂರಕ್ಕೆ ಆ ಅರ್ಧ ಡಿಗ್ರಿ ಎಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನೀವು ದಡದಲ್ಲಿ ಒಂದು ಕಿ.ಮೀ. ಪಕ್ಕಕ್ಕೆ ಸರಿದರೆ ಸೂರ್ಯ ತನ್ನ ಪೂರ್ತಿ ಅಗಲದಷ್ಟು ಶಿಖರದಿಂದ ಜಾರಿಬಿಡುತ್ತಾನೆ. ಆ ದಿನಗಳಲ್ಲಿ ಸೂರ್ಯಾಸ್ತದ ಬಿಂದು ದಿನಕ್ಕೆ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ ಸರಿಯುವುದರಿಂದ, ಫೆಬ್ರವರಿಯಲ್ಲಿ ಇಂದು ನಿಂತ ಜಾಗಕ್ಕಿಂತ ನಾಳೆ ಸುಮಾರು ಒಂದು ಕಿ.ಮೀ. ದಕ್ಷಿಣಕ್ಕೆ ನಡೆದು ನಿಲ್ಲಬೇಕು. ಅಕ್ಟೋಬರ್‌ನಲ್ಲಿ ಉತ್ತರಕ್ಕೆ. ತಾರೀಖು ಗೊತ್ತಿದ್ದರೆ ನಿಂತ ಗೆರೆ ಸಿಗುತ್ತದೆ, ಜಾಗ ಗೊತ್ತಿದ್ದರೆ ತಾರೀಖು ಸಿಗುತ್ತದೆ. ಬೆಟ್ಟವೂ ಸೂರ್ಯನೂ ಸುಳ್ಳು ಹೇಳುವುದಿಲ್ಲ.

ನೆಲವೂ ಹೇಳುತ್ತದೆ. ಉರಯಾಸು ಹಿಂದೆ ಮೀನುಗಾರರ ಊರು, ವಿಸ್ತೀರ್ಣ ಸುಮಾರು 4.4 ಚದರ ಕಿ.ಮೀ. 1960ರ ದಶಕದಿಂದ ಸಮುದ್ರವನ್ನು ತುಂಬಿ ತುಂಬಿ ಈಗ ಅದು ಸುಮಾರು 17 ಚದರ ಕಿ.ಮೀ. ಆಗಿದೆ. 1983ರಲ್ಲಿ ತೆರೆದ ಟೋಕಿಯೊ ಡಿಸ್ನಿಲ್ಯಾಂಡ್ ನಿಂತಿರುವುದೂ ಈ ಹೊಸ ನೆಲದ ಮೇಲೆಯೇ. ಅಂಕುಡೊಂಕು ಓಣಿಗಳಿದ್ದರೆ ಹಳೆಯ ಊರು. ತಾಳೆಜಾತಿಯ ಮರಗಳ ಸಾಲಿನ ಅಗಲ ರಸ್ತೆ ಇದ್ದರೆ ತುಂಬಿದ ನೆಲದ ಶಿನ್-ಉರಯಾಸು. 2011ರ ಮಾರ್ಚ್ 11ರ ಭೂಕಂಪದಲ್ಲಿ ಈ ತುಂಬಿದ ನೆಲ ನೀರು ಬೆರೆತ ಕೆಸರಾಯಿತು, ಮ್ಯಾನ್‌ಹೋಲ್‌ಗಳು ರಸ್ತೆಯಿಂದ ಮೇಲೆದ್ದವು. ಹಾಗೆ ಎದ್ದ ಒಂದನ್ನು ತಕಾಸು ಬಡಾವಣೆಯ ಉದ್ಯಾನದಲ್ಲಿ ನೆನಪಿಗೆಂದು ಉಳಿಸಿದ್ದಾರೆ.

ಒಂದೊಂದು ಸುಳಿವೂ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತದೆ, ಇಲ್ಲವೇ ಒಂದು ಪಟ್ಟಿ ಬಳಿಯುತ್ತದೆ, ಅಷ್ಟೆ. ಒಂದೇ ಸುಳಿವಿನಿಂದ ಊರು ಹೇಳಿದೆ ಎನ್ನುವವರನ್ನು ನಂಬಬೇಡಿ. ಮೂರ್ನಾಲ್ಕು ಗೆರೆಗಳು ಒಂದೇ ಕಡೆ ಕೂಡಿದಾಗ ಅದು ಪುರಾವೆ. ಯುದ್ಧದ ವಿಡಿಯೊಗಳನ್ನು ಪರಿಶೀಲಿಸುವ ಪತ್ರಕರ್ತರು ಹೀಗೆಯೇ ಕೆಲಸ ಮಾಡುತ್ತಾರೆ, ಹಳೆಯ ಪ್ರವಾಹದ ಚಿತ್ರವನ್ನು ಈ ವರ್ಷದ್ದೆಂದು ಹಂಚಿದಾಗ ಬಯಲಿಗೆಳೆಯುವುದೂ ಹೀಗೆಯೇ.

ಇದೇ ವಿದ್ಯೆ ಕೆಟ್ಟ ಕೈಗೂ ಸಿಕ್ಕಿದೆ. 2019ರಲ್ಲಿ ಟೋಕಿಯೊದಲ್ಲಿ ಒಬ್ಬ ಯುವ ಗಾಯಕಿಯ ಮೇಲೆ ಹಲ್ಲೆ ಮಾಡಿ ಸಿಕ್ಕಿಬಿದ್ದವನು, ಅವಳ ಸೆಲ್ಫಿಯ ಕಣ್ಣುಗಳಲ್ಲಿ ಪ್ರತಿಫಲಿಸಿದ್ದ ರೈಲು ನಿಲ್ದಾಣವನ್ನು ಬೀದಿಚಿತ್ರಗಳೊಂದಿಗೆ ಹೋಲಿಸಿ ಪತ್ತೆಹಚ್ಚಿದ್ದ. ಕಿಟಕಿಯ ಬೆಳಕು, ಪರದೆಗಳ ಜಾಗ ನೋಡಿ ಮನೆಯನ್ನೂ ಊಹಿಸಿದ್ದ. ಇದು ಪವಾಡವಲ್ಲ. ಕಣ್ಣಿನ ಪಾರದರ್ಶಕ ಪಟಲ ಸುಮಾರು 7.8 ಮಿ.ಮೀ. ತ್ರಿಜ್ಯದ ಉಬ್ಬುಕನ್ನಡಿ. 20 ಮೀಟರ್ ದೂರದ 10 ಮೀಟರ್ ಅಗಲದ ಕಟ್ಟಡ ಅದರಲ್ಲಿ ಎರಡು ಮಿ.ಮೀ. ಅಗಲದ ಬಿಂಬವಾಗುತ್ತದೆ. ಇಂದಿನ ಕ್ಯಾಮೆರಾ ಹತ್ತಿರದಿಂದ ಹಿಡಿದರೆ ಅದನ್ನೂ ಬಿಡಿಸಿ ತೋರಿಸುತ್ತದೆ.

ಲೊಕೇಶನ್ ಆಫ್ ಮಾಡಿದರೆ ಸಾಕು ಎಂದು ಸುಮ್ಮನಿರಬೇಡಿ. ಮಕ್ಕಳ ಶಾಲೆಯ ಮುಂದೆ ತೆಗೆದ ಫೋಟೊವನ್ನು ಅಲ್ಲಿಂದ ಹೊರಟ ಮೇಲೆಯೇ ಹಾಕಿ, ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯ ಚಿತ್ರ ಹಾಕಬೇಡಿ, ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ನಿಮ್ಮವರಿಗಷ್ಟೇ ಕಳಿಸಿ.