ಹಳೆಯ ಡಬ್ಬಕ್ಕೆ ಹೊಸ ಕಾರ್ಡು

ಕಳೆದ ಮಳೆಗಾಲದಲ್ಲಿ ರಾತ್ರಿ ಹನ್ನೊಂದೂವರೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಕೊಡೆ ಹಿಡಿದು ಮಗಳಿಗಾಗಿ ಕಾಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ಅನಿಮೇಷನ್ ಕಲಿಯುತ್ತಿರುವ ಅವಳು ರೆಂಡರ್ ಮಾಡಲು ಥಾಣೆಯ ಗೆಳತಿಯ ಮನೆಗೆ ಹೋಗುತ್ತಿದ್ದಳು. ಬೇಡವೆಂದರೆ ಲೆಕ್ಕ ಒಪ್ಪಿಸುತ್ತಿದ್ದಳು: "ಅಪ್ಪಾ, ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಫ್ರೇಮ್ ಬೇಕು. ನಮ್ಮ ಕಂಪ್ಯೂಟರಿಗೆ ಒಂದು ಫ್ರೇಮಿಗೆ ಹನ್ನೆರಡು ನಿಮಿಷ. ಎರಡು ದಿನ ಆಗ್ತದೆ."

ನಮ್ಮದು 2014ರಲ್ಲಿ ಕೊಂಡ ಡೆಸ್ಕ್‌ಟಾಪ್. ನಾಲ್ಕನೇ ಪೀಳಿಗೆಯ ಐ5 ಪ್ರೊಸೆಸರ್, 300 ವ್ಯಾಟ್‌ನ ಎಸ್‌ಎಂಪಿಎಸ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಮನೆಸಾಲದ ಕಂತಿನ ನಡುವೆ ಹೊಸ ಲ್ಯಾಪ್‌ಟಾಪ್ ಆಗದ ಮಾತು.

ಅವಸರದಲ್ಲಿ ನಾನೇ ತಪ್ಪು ಮಾಡಿದೆ. ಒಂಬತ್ತು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ತಂದೆ. ಅದಕ್ಕೆ ಎಂಟು ಪಿನ್ನಿನ ವಿದ್ಯುತ್ ವೈರ್ ಬೇಕಿತ್ತು. ನಮ್ಮ ಎಸ್‌ಎಂಪಿಎಸ್‌ನಲ್ಲಿ ಅದು ಇರಲಿಲ್ಲ. ಅಗ್ಗದ ಕನ್ವರ್ಟರ್ ಸಿಕ್ಕಿಸಿ ಕೆಲಸ ಸಾಗಿಸಿದೆ. ರೆಂಡರ್ ಶುರುವಾಗಿ ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಎಸ್‌ಎಂಪಿಎಸ್ ಜೊತೆಗೆ ಕಾರ್ಡೂ ಹೋಯಿತು. ಮದರ್‌ಬೋರ್ಡ್ ಉಳಿದದ್ದೇ ಪುಣ್ಯ. ಮಗಳು ಏನೂ ಅನ್ನಲಿಲ್ಲ. ಮರುದಿನ ಮತ್ತೆ ಥಾಣೆಯ ಗಾಡಿ ಹತ್ತಿದಳು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಓದಿ ತಿಳಿದದ್ದಿಷ್ಟು. ಕಾರ್ಡ್ ಕೂರುವ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬರಬೇಕು: ಆರು ಪಿನ್ನಿನದು ಇನ್ನೂ 75, ಎಂಟು ಪಿನ್ನಿನದು 150. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಈ ಸಲ ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮುನ್ನ ಕ್ಯಾಬಿನೆಟ್ ತೆರೆದು, ಒಳಗಿನ ಉದ್ದವನ್ನು ಟೇಪ್ ಹಿಡಿದು ಅಳೆದೆ. ಮಾನಿಟರಿನ ಹಿಂಭಾಗದ ಫೋಟೊ ತೆಗೆದುಕೊಂಡೆ. ಬೇರೆ ವೈರ್ ಬೇಡದ ಮೂರು ಕಾರ್ಡುಗಳು ಪಟ್ಟಿಯಲ್ಲಿ ಉಳಿದವು. 2019ರ ಜಿಟಿಎಕ್ಸ್ 1650ರಲ್ಲಿ 4 ಜಿಬಿ ಮೆಮೊರಿ ಮಾತ್ರ. ದೃಶ್ಯ ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ರೆಂಡರ್ ತೆವಳುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಆರ್‌ಎಕ್ಸ್ 6400 ಸ್ಲಾಟಿನ ಹದಿನಾರು ಲೇನ್‌ಗಳಲ್ಲಿ ನಾಲ್ಕನ್ನಷ್ಟೇ ಬಳಸುತ್ತದೆ. ಹಳೆಯ ಬೋರ್ಡಿನಲ್ಲಿ ಅದು ಇನ್ನೂ ಸೊರಗುತ್ತದೆ. ಮೂರನೆಯದು 2024ರ ಆರ್‌ಟಿಎಕ್ಸ್ 3050, 6 ಜಿಬಿಯದು: 70 ವ್ಯಾಟ್ ಸಾಕು, ಬ್ಲೆಂಡರ್‌ನ ಆಪ್ಟಿಕ್ಸ್ ರೆಂಡರಿಂಗಿಗೂ ಒಗ್ಗುತ್ತದೆ. ಅದನ್ನೇ ಆರಿಸಿದೆ.

ಒಂದು ಎಚ್ಚರಿಕೆ. ಇದೇ 3050 ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಇದೆ. ಅದಕ್ಕೆ 130 ವ್ಯಾಟ್ ಬೇಕು, ಬೇರೆ ವೈರ್ ಬೇಕು. ಹೆಸರು ನೋಡಿ ಕೊಳ್ಳಬೇಡಿ, ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದಿ.

ಹೊಸ 450 ವ್ಯಾಟ್‌ನ ಎಸ್‌ಎಂಪಿಎಸ್ ಕೂಡ ತಂದೆ. ನಮ್ಮ ಮಾನಿಟರಿನಲ್ಲಿ ವಿಜಿಎ ಮಾತ್ರ, ಕಾರ್ಡಿನಲ್ಲಿ ಅದಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಒಂದು ಕನ್ವರ್ಟರ್ ಬೇಕಾಯಿತು. ಮೊದಲ ಸಲ ಬಟನ್ ಒತ್ತುವಾಗ ಕೈ ನಡುಗಿತು, ಸುಳ್ಳು ಹೇಳಲಾರೆ. ಮೂಗು ಕ್ಯಾಬಿನೆಟ್ಟಿಗೆ ಹಚ್ಚಿ ಕೂತಿದ್ದೆ. ಮೊದಲ ಫ್ರೇಮ್ ಒಂದು ನಿಮಿಷದೊಳಗೆ ಬಂತು.

ಈ ಡಬ್ಬಕ್ಕೆ ವಯಸ್ಸಾಗಿದೆ, ನಿಜ. ಇದರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಆದರೆ ನಾಳೆ ಕಂಪ್ಯೂಟರ್ ಬದಲಾಯಿಸಿದರೂ ಕಾರ್ಡ್ ಮತ್ತು ಎಸ್‌ಎಂಪಿಎಸ್ ಅದರೊಳಗೆ ಹೋಗುತ್ತವೆ. ಕೊಟ್ಟ ದುಡ್ಡು ನೀರುಪಾಲಲ್ಲ.

ಈಗ ರಾತ್ರಿ ಹನ್ನೊಂದಕ್ಕೆ ರೆಂಡರ್ ಹಚ್ಚಿ ಮಗಳು ಮಲಗುತ್ತಾಳೆ. ಬೆಳಗಿನ ಲೋಕಲ್ಲಿಗೆ ನಾನು ಎದ್ದು ಚಹಾಕ್ಕಿಡುವಾಗ ಫ್ಯಾನಿನ ಸದ್ದು ನಿಂತಿರುತ್ತದೆ. ಅವಳು ಇನ್ನೂ ಮಲಗಿರುತ್ತಾಳೆ.