ಹೊಲಕ್ಕೂ ಜೀವ ಬರಬೇಕು, ಮನೆಗೂ ತೊಗರಿ ಬರಬೇಕು

ಐದು ನಿಮಿಷ ರೀಲ್ಸ್ ನೋಡಿದ್ರೆ ಸಾಕು, ‘ರೀಜನರೇಟಿವ್ ಅಗ್ರಿಕಲ್ಚರ್’ ಅನ್ನೋ ಮಾತು ಎದುರಾಗುತ್ತೆ. ಟೋಪಿ ಹಾಕಿದ ವಿದೇಶಿ ರೈತ ಬೊಗಸೆ ತುಂಬ ಮಣ್ಣೆತ್ತಿ ಮೂಸ್ತಾನೆ, ಎರೆಹುಳು ತೋರಿಸ್ತಾನೆ. ಅದನ್ನ ನೋಡಿ ನಾವು ಊರಿಗೆ ಫೋನ್ ಹಚ್ಚಿ ಉಪದೇಶ ಶುರು ಮಾಡ್ತೀವಿ. ನನ್ನ ಊರು ಮಳಖೇಡದ ಹತ್ತಿರ, ಕೆಲಸ ಬೆಂಗಳೂರಿನ ಐಟಿ ಕಂಪನಿಯಲ್ಲಿ. ನಮ್ಮಪ್ಪನ ಉತ್ತರ ಹೀಗಿರುತ್ತೆ: “ನೀ ಎಸಿ ಒಳಗ ಕುಂತು ಹೇಳ್ತಿ. ತೊಗರಿ ಒಣಗಿ ಹೋದ್ರ ಯಾರ್ ಕೊಡ್ತಾರ?”

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕದೆ ಮಣ್ಣಿನ ಬಗ್ಗೆ ಎಷ್ಟು ಮಾತಾಡಿದ್ರೂ ಪ್ರಯೋಜನ ಇಲ್ಲ.

ಮೊದಲು ಪದದ ಅರ್ಥ ನೋಡೋಣ. ಅಮೆರಿಕದ ರಾಬರ್ಟ್ ರೊಡೇಲ್ 1980ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಕನ್ನಡದಲ್ಲಿ ಪುನಶ್ಚೇತನ ಕೃಷಿ ಅನ್ನಬಹುದು. ಮಣ್ಣು ಕೆಡದ ಹಾಗೆ ನೋಡಿಕೊಂಡರೆ ಸಾಲದು, ವರ್ಷದಿಂದ ವರ್ಷಕ್ಕೆ ಸುಧಾರಿಸಬೇಕು ಅನ್ನೋದು ಇದರ ತಿರುಳು. ಸೂತ್ರ ಐದು: ಮಣ್ಣನ್ನು ಬರಿಮೈ ಬಿಡಬೇಡಿ, ಉಳುಮೆ ಕಡಿಮೆ ಮಾಡಿ, ಬೆಳೆ ಹಲವು ಇರಲಿ, ಆದಷ್ಟು ದಿನ ಮಣ್ಣಿನಲ್ಲಿ ಜೀವಂತ ಬೇರು ಇರಲಿ, ದನ-ಕುರಿಗಳು ಹೊಲದ ಜೊತೆ ಇರಲಿ.

ಓದಿದ ಹಿರಿಯರು “ಇದ್ರಾಗ ಹೊಸಾದೇನದ?” ಅಂದರೆ ಅದೂ ಸರಿಯೇ. ಹೊಲದಲ್ಲಿ ಕುರಿ ನಿಲ್ಲಿಸೋದು, ತೊಗರಿ ಜೊತೆ ಹೆಸರು ಬಿತ್ತೋದು ನಮ್ಮಲ್ಲಿ ಮೊದಲಿನಿಂದಲೂ ಇದ್ದದ್ದೇ.

ಒಂದೇ ಬೆಳೆಯ ಅಪಾಯ

ಕಲಬುರಗಿಗೆ ‘ತೊಗರಿ ಕಣಜ’ ಅನ್ನೋ ಹೆಸರಿದೆ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು. ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಯಾವ ಕಡೆ ಹೋದರೂ ಮುಂಗಾರಿಯಲ್ಲಿ ಕಣ್ಣು ಹಾಯುವಷ್ಟು ದೂರ ತೊಗರಿಯೇ.

ತೊಗರಿ ಮಣ್ಣಿಗೆ ಕೆಟ್ಟದ್ದಲ್ಲ, ಒಳ್ಳೆಯದೇ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತೆ. ತಾಯಿಬೇರು ಒಂದು ಮೀಟರಿಗೂ ಹೆಚ್ಚು ಆಳ ಇಳಿಯುತ್ತೆ. ಉದುರಿದ ಎಲೆಯೇ ಗೊಬ್ಬರ. ತೊಂದರೆ ಇರೋದು ಅದೇ ಹೊಲದಲ್ಲಿ ವರ್ಷ ವರ್ಷವೂ ಅದನ್ನೇ ಬೆಳೆಯೋದರಲ್ಲಿ. ನೆಟೆರೋಗ ತರುವ ಫ್ಯುಸೇರಿಯಂ ಶಿಲೀಂಧ್ರ, ಬೆಳೆ ಕೊಯ್ದ ಮೇಲೂ ಬೇರು-ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಮರು ವರ್ಷ ಮತ್ತೆ ತೊಗರಿ ಬಿತ್ತಿದರೆ ಅದಕ್ಕೆ ಊಟ ರೆಡಿ. 2022ರ ಹಂಗಾಮಿನಲ್ಲಿ ಜಿಲ್ಲೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ, ಪರಿಹಾರಕ್ಕಾಗಿ ರೈತರು ಬೀದಿಗಿಳಿದದ್ದು ನೆನಪಿರಬಹುದು.

ನೆಟೆ ತಡೆದುಕೊಳ್ಳುವ ತಳಿಗಳು ಇವೆ, ಬೀಜೋಪಚಾರಕ್ಕೆ ಟ್ರೈಕೋಡರ್ಮಾ ಇದೆ. ಜೊತೆಗೆ ಇನ್ನೊಂದು ಉಪಾಯವೂ ಇದೆ. ಜೋಳದ ಜೊತೆ ಅಥವಾ ಜೋಳದ ನಂತರ ಹಾಕಿದ ತೊಗರಿಗೆ ನೆಟೆ ಕಡಿಮೆ ಅಂತ ಇಕ್ರಿಸ್ಯಾಟ್ ಪ್ರಯೋಗಗಳು ಬಹಳ ಹಿಂದೆಯೇ ತೋರಿಸಿವೆ.

ಎರಿ ಹೊಲದ ಲೆಕ್ಕವೇ ಬೇರೆ

ವಿದೇಶಿ ವಿಡಿಯೋದ ಸಲಹೆಯನ್ನು ಹಾಗೇ ಇಲ್ಲಿಗೆ ತರೋಕಾಗಲ್ಲ. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತೆ. ಆಮೇಲೆ ನೀರು ಒಳಗೆ ಇಳಿಯೋದು ನಿಧಾನ. ನಿಂತರೆ ಬೇರು ಕೊಳೆಯುತ್ತೆ, ಹರಿದರೆ ಮೇಲ್ಮಣ್ಣು ಕಾಗಿಣಾ ಪಾಲು.

ಇಂಥದೇ ಕಪ್ಪು ಮಣ್ಣಿನಲ್ಲಿ ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ 1976ರಲ್ಲಿ ಒಂದು ದೀರ್ಘಕಾಲದ ಪ್ರಯೋಗ ಶುರು ಮಾಡಿತು. ಒಂದು ಕಡೆ ಹಳೇ ಪದ್ಧತಿ: ಮಳೆಗಾಲದಲ್ಲಿ ಹೊಲ ಖಾಲಿ, ಹಿಂಗಾರಿಗೆ ಜೋಳ ಅಥವಾ ಕಡಲೆ, ಬರೀ ಕೊಟ್ಟಿಗೆ ಗೊಬ್ಬರ. ಇನ್ನೊಂದು ಕಡೆ ಅಗಲ ಏರುಮಡಿ, ನಡುವೆ ನೀರು ಬಸಿಯೋ ಸಾಲು, ಮಳೆಗೆ ಮುಂಚೆಯೇ ಬಿತ್ತನೆ, ತೊಗರಿ ಜೊತೆ ಜೋಳದಂಥ ಮಿಶ್ರಬೆಳೆ, ಅಳತೆಯ ರಸಗೊಬ್ಬರ. ದಶಕಗಳ ಸರಾಸರಿಯಲ್ಲಿ ಮೊದಲನೆಯದು ಹೆಕ್ಟೇರಿಗೆ ಸುಮಾರು 1 ಟನ್ ಕಾಳು ಕೊಟ್ಟರೆ, ಎರಡನೆಯದು ಸುಮಾರು 5 ಟನ್ ಕೊಟ್ಟಿತು. ಮಣ್ಣಿನಲ್ಲಿ ಇಂಗಾಲವೂ ಹೆಚ್ಚಾಯಿತು.

ಇಲ್ಲಿ ಗಮನಿಸಬೇಕಾದ್ದು ರಸಗೊಬ್ಬರದ ವಿಷಯ. ಅದನ್ನು ಪೂರ್ತಿ ಬಿಟ್ಟು ಸಿಕ್ಕ ಫಲಿತಾಂಶ ಇದಲ್ಲ. 2009ರಲ್ಲಿ ಶುರುವಾದ ರಾಜ್ಯದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷಿಸಿದಾಗ ಬಹಳಷ್ಟು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡಿತ್ತು. ಹಸಿದ ಮಣ್ಣಿಗೆ ಏನೂ ಕೊಡದೆ ‘ನೈಸರ್ಗಿಕ’ ಅಂತ ಬೋರ್ಡು ಹಾಕಿದರೆ ಮಣ್ಣೂ ಸುಧಾರಿಸಲ್ಲ, ಮನೆಯೂ ಸುಧಾರಿಸಲ್ಲ.

ಜಹೀರಾಬಾದಿನ ಹೆಂಗಸರು

ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ ಮೈಸೂರು ಮೂಲದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಅದರ ಸಂಘಗಳಲ್ಲಿ ಇರೋರು ಹೆಚ್ಚಾಗಿ ಸಣ್ಣ ಹಿಡುವಳಿಯ ದಲಿತ ಹೆಣ್ಣುಮಕ್ಕಳು. ಸತ್ವ ಕಡಿಮೆ ಇರೋ, ಮಳೆಯನ್ನೇ ನಂಬಿದ ಜಮೀನು. ಅದರಲ್ಲೇ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಎಳ್ಳು ಅಂತ ಹತ್ತಿಪ್ಪತ್ತು ಬೆಳೆ ಸೇರಿಸಿ ಬಿತ್ತುತ್ತಾರೆ. ಬೀಜ ಮನೆಯದ್ದೇ. 2019ರಲ್ಲಿ ಇವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಒಂದು ಬೆಳೆಗೆ ಮಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತೆ ಅನ್ನೋದು ಅವರ ಲೆಕ್ಕ.

ನಮ್ಮ ಎಳ್ಳಮವಾಸ್ಯೆಯ ಭಜ್ಜಿಯನ್ನೇ ನೋಡಿ. ಹಸಿ ತೊಗರಿ, ಅವರೆ, ಕಡಲೆ, ಬದನೆ, ಮೆಂತ್ಯ ಎಲ್ಲ ಬೇಕು. ಹೊಲಕ್ಕೆ ಚರಗ ಚೆಲ್ಲೋಕೆ ಹೋಗುವಾಗ ಈಗ ಭಜ್ಜಿಯ ಸಾಮಾನನ್ನು ಸಂತೆಯಿಂದ ತರೋ ಮನೆಗಳೇ ಹೆಚ್ಚು.

ಒಂದು ಎಕರೆಯಿಂದ ಶುರು

ನಾಲ್ಕು ಎಕರೆಯನ್ನೂ ಒಮ್ಮೆಲೇ ಬದಲಿಸೋದು ಬೇಡ. ಒಂದು ಎಕರೆ ಸಾಕು.

* ಬಿತ್ತೋ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.
* ತೊಗರಿ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಹಾಕಿ. ತೊಗರಿ ಹರಡೋ ಮೊದಲೇ ಅದು ಕೈಗೆ ಬರುತ್ತೆ. ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಅಲ್ಲೇ ಬಿಡಿ.
* ಮರು ವರ್ಷ ಆ ಎಕರೆಗೆ ಜೋಳ ತನ್ನಿ. ಬದುವಿನ ಸುತ್ತ ಕುಸುಬಿ ಹಾಕಿದರೆ ಅದರ ಮುಳ್ಳೇ ಬೇಲಿ.
* ಒಡ್ಡಿನ ಮೇಲೆ ಗೊಬ್ಬರದ ಗಿಡ ಹಚ್ಚಿ. ಮಳೆಗಾಲದಲ್ಲಿ ಸೊಪ್ಪು ಸವರಿ ಸಾಲಿಗೆ ಹಾಕಬಹುದು.
* ನೆಟೆ ಬಂದ ತೊಗರಿ ಗಿಡಗಳನ್ನು ಬೇರುಸಹಿತ ಕಿತ್ತು ಹೊಲದಿಂದ ಹೊರಗೆ ಹಾಕಿ. ಎಲ್ಲ ಉಳಿಕೆಯೂ ಮುಚ್ಚಿಗೆಗೆ ಬರಲ್ಲ.
* ಕುರಿಯವರು ಬಂದರೆ ಬೇಸಿಗೆಯಲ್ಲಿ ನಾಲ್ಕು ದಿನ ಹೊಲದಲ್ಲಿ ಕುರಿ ನಿಲ್ಲಿಸಿ.

ಅಡಚಣೆಗಳನ್ನೂ ಹೇಳಲೇಬೇಕು. ಮಿಶ್ರಬೆಳೆ ಇದ್ದರೆ ಕಳೆನಾಶಕ ಹೊಡೆಯೋದು ಕಷ್ಟ, ಕಸ ತೆಗೆಯೋಕೆ ಆಳು ಬೇಕು. ಹೆಸರು ಬಿಡಿಸೋ ಕೆಲಸ ಬೀಳೋದು ಅವ್ವ, ಅಕ್ಕ, ವೈನಿ ಮೇಲೆ. ಎತ್ತು ಮಾರಿದ ಮನೆಗೆ ತಿಪ್ಪೆ ಗೊಬ್ಬರ ಕೊಂಡು ತರಬೇಕು. ತೊಗರಿ ಕಟ್ಟಿಗೆ ಇನ್ನೂ ಎಷ್ಟೋ ಮನೆಗಳಲ್ಲಿ ಒಲೆಗೆ ಉರುವಲು. ಈ ಲೆಕ್ಕ ಹಾಕುವಾಗ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮಾತಾಡಿ.

ನಷ್ಟ ಯಾರ ಪಾಲು?

ಈಗ ಅಪ್ಪನ ಪ್ರಶ್ನೆಗೆ ಬರೋಣ. ಮೊದಲ ಎರಡು-ಮೂರು ವರ್ಷ ಆ ಎಕರೆಯ ಇಳುವರಿ ಕಡಿಮೆ ಆಗಬಹುದು. ಸಂಬಳ ಬರೋ ಮಗನಿಗೆ ಅದು ಪ್ರಯೋಗ, ಸೊಸೈಟಿ ಸಾಲ ತೀರಿಸಬೇಕಾದ ಅಪ್ಪನಿಗೆ ಅದು ವರ್ಷದ ಅನ್ನ. ಸಲಹೆ ನಮ್ಮದು, ನಷ್ಟ ಅವರದು ಅಂದರೆ ಯಾರು ತಾನೇ ಒಪ್ತಾರೆ?

ಆದ್ದರಿಂದ ಸಲಹೆಯ ಜೊತೆ ಒಂದು ಮಾತು ಕೊಡಿ: “ಯಪ್ಪಾ, ಈ ಒಂದ್ ಎಕರೆದಾಗ ಎಷ್ಟ್ ಕಮ್ಮಿ ಬಂದ್ರೂ ಪಕ್ಕದ ಎಕರೆ ಲೆಕ್ಕದಾಗ ನಾ ಕೊಡ್ತೀನಿ. ಮೂರು ವರ್ಷ ನೋಡಮು.” ಪಕ್ಕದ ಎಕರೆಯ ರಾಶಿ ತೂಕದ ಜೊತೆ ಹೋಲಿಸಿ. ಬೀಜ, ಗೊಬ್ಬರ, ಆಳು, ಔಷಧಿ ಖರ್ಚು ಎರಡಕ್ಕೂ ಬೇರೆ ಬೇರೆ ಬರೆದಿಡಿ. ನಮಗೆ ಎಕ್ಸೆಲ್ ಬರುತ್ತಲ್ಲ, ಅಷ್ಟಾದರೂ ಮಾಡೋಣ. ಮೂರನೇ ವರ್ಷದ ಲೆಕ್ಕ ನೋಡಿ ಎರಡನೇ ಎಕರೆ ಸೇರಿಸಬೇಕೋ ಬೇಡವೋ ಅನ್ನೋದನ್ನ ಅಪ್ಪನೇ ತೀರ್ಮಾನಿಸಲಿ.

ನಿಮ್ಮ ಊರಿನ ಹೊಲದಲ್ಲಿ ಯಾರಾದರೂ ಇದನ್ನು ಮಾಡ್ತಿದ್ದರೆ ಓದುಗರ ಅಂಕಣಕ್ಕೆ ಬರೆಯಿರಿ. ಇಳುವರಿಯ ಜೊತೆ ಖರ್ಚನ್ನೂ ಬರೆಯಿರಿ.