ಹೊಸ ಪೆಟ್ಟಿಗೆಗೆ ಹಳೆಯ ಕಣ್ಣು

1950ನೆಯ ಇಸವಿಯ ಮಾತು. ಅಮೆರಿಕದ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಅವರು ಟೋಕಿಯೊ ನಗರದಲ್ಲಿದ್ದರು. ಜುನ್ ಮಿಕಿ ಎಂಬ ಜಪಾನೀ ತರುಣ ತನ್ನ ಕ್ಯಾಮರಾಕ್ಕೆ 85 ಮಿಲಿಮೀಟರಿನ ನಿಕ್ಕೋರ್ ಮಸೂರವನ್ನು ತೊಡಿಸಿ ಅವರದೊಂದು ಭಾವಚಿತ್ರ ತೆಗೆದ. ಜಪಾನಿನ ಸರಕೆಂದರೆ ಜರ್ಮನಿಯದರ ಅನುಕರಣೆ ಎಂದು ಹಗುರವಾಗಿ ಕಾಣುತ್ತಿದ್ದ ಕಾಲ ಅದು. ಆದರೆ ಅಚ್ಚಾಗಿ ಬಂದ ಚಿತ್ರದ ಸ್ಫುಟತೆಯನ್ನು ಕಂಡು ಡಂಕನ್ ಬೆರಗಾದರು. ನಿಪ್ಪಾನ್ ಕೊಗಾಕು ಕಾರ್ಖಾನೆಗೇ ಹೋಗಿ ಪರೀಕ್ಷಿಸಿದರು. ಆ ಮಸೂರಗಳನ್ನು ತಮ್ಮ ಲೈಕಾಕ್ಕೆ ಜೋಡಿಸಿಕೊಂಡರು. ಅದೇ ವರ್ಷ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ರಣರಂಗದಿಂದ ಅವರು ಕಳಿಸಿದ ಚಿತ್ರಗಳು ಜಪಾನೀ ಗಾಜಿನ ಕೀರ್ತಿಯನ್ನು ಲೋಕಕ್ಕೆ ಸಾರಿದವು.

ಇದಾಗಿ ಮುಕ್ಕಾಲು ಶತಮಾನವೇ ಕಳೆಯಿತು. ಫಿಲ್ಮಿನ ಸುರುಳಿ ಹೋಗಿ ಅದರ ಜಾಗಕ್ಕೆ ಡಿಜಿಟಲ್ ಫಲಕ ಬಂದು ಕುಳಿತಿದೆ. ಆದರೆ ಆ ಕಾಲದ ಮಸೂರಗಳು ಸತ್ತಿಲ್ಲ. 1 ಮಿಲಿಮೀಟರ್ ದಪ್ಪದ ಒಂದು ಲೋಹದ ಬಳೆಯಿದ್ದರೆ ತಿರುಪಿನ ಲೈಕಾ ಮಸೂರವನ್ನು ಇಂದಿನ ಡಿಜಿಟಲ್ ಲೈಕಾಕ್ಕೆ ಕೂರಿಸಬಹುದು. ಅಜ್ಜನೋ ಸೋದರಮಾವನೋ ಜೋಪಾನವಾಗಿಟ್ಟಿದ್ದ ತೊಗಲಿನ ಚೀಲದಲ್ಲಿ ಅಂಥ ನೀಳವಾದ ಮಸೂರವೊಂದು ಸಿಕ್ಕಿತೆನ್ನಿ. ಅದನ್ನು ಉಪಯೋಗಿಸಬಹುದೆ, ಅಥವಾ ಬಂದ ಬೆಲೆಗೆ ಮಾರಿಬಿಡಬೇಕೆ? ಖಂಡಿತ ಉಪಯೋಗಿಸಬಹುದು, ಆದರೆ ಪರೀಕ್ಷಿಸದೆ ನಂಬಬಾರದು. ಹಾಗೇಕೆಂಬುದನ್ನು ತಿಳಿಯಬೇಕಾದರೆ ಕ್ಯಾಮರಾದ ಒಳಗುಟ್ಟನ್ನು ಸ್ವಲ್ಪ ಅರಿಯಬೇಕು.

ಎರಡು ಕಿಂಡಿ, ಒಂದು ಬಿಂಬ

ರೇಂಜ್‌ಫೈಂಡರ್, ಅಂದರೆ ದೂರಮಾಪಕವುಳ್ಳ ಕ್ಯಾಮರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ. ಮೇಲ್ಭಾಗದ ಗಾಜಿನ ಕಿಂಡಿಯೊಂದರಿಂದ ನೋಡುತ್ತೇವೆ. ಅದರಿಂದ ಸುಮಾರು 69 ಮಿಲಿಮೀಟರ್ ಆಚೆಗೆ ಇನ್ನೊಂದು ಕಿಂಡಿಯಿದೆ. ಎರಡರ ಬಿಂಬಗಳೂ ಕಣ್ಣಿಗೆ ಒಂದೆಡೆ ಬೀಳುತ್ತವೆ. ಮಸೂರವನ್ನು ತಿರುಗಿಸುತ್ತ ಹೋದಂತೆ ಜೋಡಿ ಬಿಂಬ ಒಂದಾಗುತ್ತದೆ. ಆಗ ದೂರ ಸರಿಹೊಂದಿತೆಂದು ಅರ್ಥ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜುಮಾಡುವುದೂ ಹೀಗೆಯೇ.

ಮಸೂರದ ಬುಡದಲ್ಲಿ ಕಡೆದಿರುವ ಅಂಚು ಕ್ಯಾಮರಾದೊಳಗಿನ ಪುಟ್ಟ ಉರುಳೆಯೊಂದನ್ನು ತಳ್ಳಿ ಈ ಅಳತೆಯನ್ನು ನಡೆಸುತ್ತದೆ. ಈ ಏರ್ಪಾಡು ಮೂಲತಃ 50 ಮಿಲಿಮೀಟರಿನ ಸಾಧಾರಣ ಮಸೂರಕ್ಕೆ ಹೊಂದುವಂತೆ ರೂಪುಗೊಂಡದ್ದು. 135 ಮಿಲಿಮೀಟರಿನ ಮಸೂರವಾದರೋ ಅಷ್ಟೇ ದೂರಕ್ಕೆ ಸುಮಾರು ಏಳು ಪಟ್ಟು ಹೆಚ್ಚು ಮುಂದಕ್ಕೆ ಚಲಿಸಬೇಕು. ಆದುದರಿಂದ ಅಂಚಿನಲ್ಲಿ ಕೂದಲೆಳೆಯಷ್ಟು ಸವೆತವಾದರೂ ಗಾಜಿನ ಸ್ಥಾನದಲ್ಲಿ ಏಳು ಎಳೆಯ ತಪ್ಪಾಗುತ್ತದೆ!

ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. 1954ರ ಲೈಕಾ ಎಂ3ರ ಕಿಂಡಿಯಲ್ಲಿ ದೃಶ್ಯ 0.91 ಪಟ್ಟು ಕಾಣುತ್ತಿತ್ತು. 2009ರ ಡಿಜಿಟಲ್ ಎಂ9ರಲ್ಲಿ ಕಾಣುವುದು 0.68 ಪಟ್ಟು ಮಾತ್ರ. ಅಗಲನೋಟದ ಮಸೂರಗಳಿಗೆ ಅನುಕೂಲವಾಗಲೆಂದು ಹೀಗೆ ಮಾಡಿದರು. ಅದರ ಫಲವಾಗಿ ದೂರವನ್ನಳೆಯುವ ವಿಷಯದಲ್ಲಿ ಮೊಮ್ಮಗನಿಗಿಂತ ಅಜ್ಜನೇ ಚುರುಕು! 135ರ ಚೌಕಟ್ಟು ಹೊಸ ಕಿಂಡಿಯ ನಡುವೆ ಅಂಚೆಚೀಟಿಯಂತೆ ಚಿಕ್ಕದಾಗಿ ಕಾಣುತ್ತದೆ. 2006ರಲ್ಲಿ ಬಂದ ಎಂ8ರಲ್ಲಂತೂ ಆ ಚೌಕಟ್ಟನ್ನೇ ಕೈಬಿಟ್ಟಿದ್ದರು.

ಹನ್ನೆರಡು ಸೆಂಟಿಮೀಟರಿನ ಕಥೆ

3 ಮೀಟರ್ ದೂರದಲ್ಲಿ ಕುಳಿತವರ ಮುಖವನ್ನು 135ರ ಮಸೂರದಿಂದ, ಎಫ್/4ರ ರಂಧ್ರದಲ್ಲಿ ತೆಗೆಯುತ್ತೀರೆನ್ನಿ. ಫಿಲ್ಮಿನ ಕಾಲದ ಲೆಕ್ಕದಂತೆ ಸ್ಫುಟವಾಗಿ ಬರುವ ಆಳ ಒಟ್ಟು ಸುಮಾರು 12 ಸೆಂಟಿಮೀಟರ್. ಮೂಗಿನಿಂದ ಕಿವಿಯವರೆಗೆ ಸಾಲುತ್ತಿತ್ತು. ಆದರೆ ಆ ಲೆಕ್ಕ ಸಾಧಾರಣ ಗಾತ್ರದ ಅಚ್ಚುಚಿತ್ರವನ್ನು ಕೈಯಳತೆಯಲ್ಲಿ ಹಿಡಿದು ನೋಡುವವರಿಗಾಗಿ ಮಾಡಿದ್ದು. 2022ರ ಎಂ11ರ ಫಲಕದಲ್ಲಿ 6 ಕೋಟಿ ಬಿಂದುಗಳಿವೆ. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಕಣ್ರೆಪ್ಪೆಯನ್ನು ಎಣಿಸಹೊರಟರೆ, ಆ 12 ಸೆಂಟಿಮೀಟರ್ ಮೂರಕ್ಕೋ ನಾಲ್ಕಕ್ಕೋ ಇಳಿದುಬಿಡುತ್ತದೆ. ಐವತ್ತು ವರ್ಷ ಮುಚ್ಚಿಕೊಂಡಿದ್ದ ದೋಷ ಒಂದೇ ದಿನದಲ್ಲಿ ಬಯಲಾಗುತ್ತದೆ. ಮಸುಕಾದ ಮೊದಲ ಚಿತ್ರಗಳನ್ನು ಕಂಡು ‘ನನ್ನ ಕೈಗೆ ಇದು ಹತ್ತದು’ ಎಂದು ಎಷ್ಟೋ ಮಂದಿ ನಿರಾಶರಾಗುತ್ತಾರೆ. ತಪ್ಪು ಕೈಯದಲ್ಲದಿರಬಹುದು.

ಪರೀಕ್ಷೆ ಸುಲಭ. ಮೇಜಿನ ಮೇಲೆ ವೃತ್ತಪತ್ರಿಕೆಯೊಂದನ್ನು ಓರೆಯಾಗಿ ಒರಗಿಸಿ, ನಡುವಿನ ಒಂದು ಸಾಲಿಗೆ ಗೆರೆ ಎಳೆಯಿರಿ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ರಂಧ್ರವನ್ನು ಪೂರ್ತಿ ತೆರೆದು ಆ ಗೆರೆಗೆ ಬಿಂಬವನ್ನು ಹೊಂದಿಸಿ ಚಿತ್ರ ತೆಗೆಯಿರಿ. ಗೆರೆಯ ಬದಲು ಅದರ ಮುಂದಿನ ಅಥವಾ ಹಿಂದಿನ ಸಾಲು ಸ್ಫುಟವಾಗಿದ್ದರೆ ದೋಷವಿದೆಯೆಂದು ತಿಳಿಯಬೇಕು. ಬೇರೆ ಮಸೂರಗಳನ್ನೂ ಹಾಕಿ ನೋಡಿ: ಎಲ್ಲವೂ ಒಂದೇ ಕಡೆಗೆ ತಪ್ಪಿದರೆ ರೋಗ ಕ್ಯಾಮರಾದ್ದು, ಒಂದು ಮಾತ್ರ ತಪ್ಪಿದರೆ ಆ ಮಸೂರದ್ದು. ಎರಡನ್ನೂ ನುರಿತ ಕೆಲಸಗಾರ ಸರಿಪಡಿಸಬಲ್ಲ.

2012ರಲ್ಲಿ ಪ್ರಕಟವಾದ ಲೈಕಾ ಎಂ ಕ್ಯಾಮರಾ ಇನ್ನೊಂದು ದಾರಿ ತೆರೆಯಿತು. ಫಲಕದ ಮೇಲೆ ಬಿದ್ದ ಬಿಂಬವನ್ನೇ ಬೆನ್ನ ಪರದೆಯಲ್ಲಿ ಹಿಗ್ಗಿಸಿ ನೋಡುವ ಸೌಕರ್ಯ ಅದರಲ್ಲಿ ಬಂತು. ಅಲ್ಲಿ ದೂರಮಾಪಕದ ಹಂಗೇ ಇಲ್ಲ. ಆದರೆ ಓಡಾಡುವ ಮಗುವಿನ ಚಿತ್ರಕ್ಕೆ ಕಿಂಡಿಯೇ ಲೇಸು. ಚೌಕಟ್ಟಿನ ಹೊರಗಿನ ದೃಶ್ಯವೂ ಕಾಣುವುದರಿಂದ, ಮಗು ಒಳಗೆ ಬರುವುದನ್ನು ಮೊದಲೇ ಕಂಡು ಸಿದ್ಧರಾಗಿರಬಹುದು.

ಹಳೆಯ ಗಾಜಿನ ಗುಣ

ಯುದ್ಧಪೂರ್ವದ ಮಸೂರಗಳಿಗೆ ಸಾಮಾನ್ಯವಾಗಿ ಪ್ರತಿಫಲನವನ್ನು ತಡೆಯುವ ಲೇಪನವಿರಲಿಲ್ಲ. ಗಾಜಿನ ಒಂದೊಂದು ಮೈಯೂ ಸುಮಾರು ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. 90 ಮಿಲಿಮೀಟರಿನ ಹಳೆಯ ಎಲ್ಮಾರ್‌ನಲ್ಲಿ ಅಂಥ ಆರು ಮೈಗಳು; ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕು ಹೀಗೆ ದಾರಿತಪ್ಪುತ್ತದೆ. ಎದುರು ಬಿಸಿಲಿನಲ್ಲಿ ಚಿತ್ರ ಬೆಳ್ಳಗೆ ತೇಲುವುದು ಅದಕ್ಕೇ. ನೆರಳುಕೊಳವೆ ತೊಡಿಸಿದರೆ ಅರ್ಧ ಕಷ್ಟ ಕಳೆಯಿತು. ನೀಳಮಸೂರಕ್ಕೆ ಒಂದು ಅನುಕೂಲವೂ ಇದೆ: ಅದರ ಕಿರಣಗಳು ಫಲಕದ ಮೇಲೆ ಬಹುಮಟ್ಟಿಗೆ ನೇರವಾಗಿ ಬೀಳುತ್ತವೆ. ಹಳೆಯ ಅಗಲನೋಟದ ಮಸೂರಗಳಂತೆ ಅಂಚಿನಲ್ಲಿ ಬಣ್ಣಗೆಡುವ ತೊಂದರೆ ಇದಕ್ಕೆ ಕಡಮೆ.

ಹಳೆಯ ಗಾಜಿನ ಮೃದುತ್ವ ಮುಖಕ್ಕೆ ಒಪ್ಪುತ್ತದೆ. 1935ರಲ್ಲಿ ಲೈಟ್ಸ್ ಕಂಪನಿ ಥಂಬಾರ್ ಎಂಬ 90 ಮಿಲಿಮೀಟರಿನ ಮಸೂರವನ್ನು ಬೇಕೆಂದೇ ಮೃದುವಾಗಿ ಚಿತ್ರಿಸುವಂತೆ ತಯಾರಿಸಿತು. ಸುಕ್ಕುಗಳನ್ನೆಲ್ಲ ಪಟ್ಟಿಮಾಡುವ ಇಂದಿನ ಮಸೂರಕ್ಕಿಂತ ಅಜ್ಜಿಯ ಮುಖಕ್ಕೆ ಇಂಥದೇ ಹಿತವಲ್ಲವೆ?

ಆದರೆ ಮಸೂರವೊಂದಿದೆಯೆಂದು ಲಕ್ಷಗಟ್ಟಲೆ ರೂಪಾಯಿಯ ಡಿಜಿಟಲ್ ಲೈಕಾ ಕೊಳ್ಳಬೇಕಾಗಿಲ್ಲ. ತಕ್ಕ ಬಳೆಯೊಡನೆ ಇದು ಕನ್ನಡಿಯಿಲ್ಲದ ಬೇರೆ ಡಿಜಿಟಲ್ ಕ್ಯಾಮರಾಗಳಿಗೂ ಕೂರುತ್ತದೆ. ತುರ್ತಾಗಿ ಮಾಡಬೇಕಾದ ಕೆಲಸ ಬೇರೆಯಿದೆ. ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ತೊಗಲಿನ ಚೀಲ ತೇವ ಹೀರಿ, ಗಾಜಿನ ಮೇಲೆ ಜೇಡರಬಲೆಯಂತೆ ಬೂಷ್ಟು ಬೆಳೆಯುತ್ತದೆ. ಕಾಲಕ್ರಮದಲ್ಲಿ ಗಾಜನ್ನೇ ತಿನ್ನುತ್ತದೆ. ಇಂದೇ ಬೀರುವಿನ ಬಾಗಿಲು ತೆರೆಯಿರಿ. ಮಸೂರವನ್ನು ಚೀಲದಿಂದ ಹೊರತೆಗೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹಿಂದೊಮ್ಮೆ ಅಜ್ಜಿಯನ್ನು ನವವಧುವಾಗಿ ಕಂಡ ಕಣ್ಣೇ ಅದಾಗಿರಬಹುದು. ಮೊಮ್ಮಗಳನ್ನೂ ಅದೊಮ್ಮೆ ನೋಡಲಿ.